ಅಳತೆ ಸರಿ ಇದ್ದರೂ ರೈಲಿನ ಮಾದರಿ ಆಟಿಕೆಯಂತೆ ಕಾಣುವುದೇಕೆ?

ಹೆಚ್ಚಾಗಿ ಬಣ್ಣದ ಹೊಳಪಿನಿಂದ. ಉಡುಪಿಯಲ್ಲಿ ನಿಲ್ಲುವ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಬಗೆಯ) ಬೋಗಿಯನ್ನು 1:87 ಅಳತೆಯಲ್ಲಿ ಮಾಡಿದ್ದೀರಿ ಅಂದುಕೊಳ್ಳಿ. ಬೋಗಿಯನ್ನು 87 ಪಾಲು ಚಿಕ್ಕದು ಮಾಡಬಹುದು, ಬೆಳಕನ್ನು ಹಾಗೆ ಚಿಕ್ಕದು ಮಾಡಲು ಆಗುವುದಿಲ್ಲ. ಸುಮಾರು 27 ಸೆಂ.ಮೀ. ಉದ್ದದ ಬೋಗಿಯ ಮೇಲೆ ಟ್ಯೂಬ್‌ಲೈಟ್ ಇಡೀ ಬದಿಗೆ ಹೊಳೆಯುತ್ತದೆ. ಅಲ್ಲಿಗೆ ಇದು ಸಣ್ಣ ವಸ್ತು ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಬಣ್ಣಕ್ಕೂ ಸ್ವಲ್ಪ ಬಿಳಿ ಬೆರೆಸಿ. ದೂರದಿಂದ ನೋಡುವ ರೈಲಿನ ಬಣ್ಣ ಗಾಳಿ, ಧೂಳಿನಿಂದ ಮಾಸಿದಂತೆ ಕಾಣುತ್ತದೆ.

ಆಮೇಲೆ ಕೊಳೆ. ಉಡುಪಿಯ ರೈಲು ನಿಲ್ದಾಣವಿರುವ ಇಂದ್ರಾಳಿಯ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಬೋಗಿಯ ಕೆಳಭಾಗ ನೋಡಿ. ಬ್ರೇಕ್ ಸವೆದ ಪುಡಿ ಕಂದಾಗಿ ಮೆತ್ತಿಕೊಂಡಿರುತ್ತದೆ. ಕಿಟಕಿಯ ಕೆಳಗೆ ಮಳೆನೀರು ಇಳಿದ ಗೆರೆಗಳಿರುತ್ತವೆ. ತುಂಬ ತೆಳುವಾದ ಕಂದು ಬಣ್ಣ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಸಂದಿಗಳಲ್ಲಿ ಉಳಿದಷ್ಟು ಸಾಕು. ಜಾಸ್ತಿ ಮಾಡಿದರೆ ಗುಜರಿಗೆ ಹೋಗುವ ಬೋಗಿ ಆಗುತ್ತದೆ!

ಹಳಿಯಲ್ಲೂ ಒಂದು ತೊಡಕಿದೆ. ಅಂಗಡಿಯಲ್ಲಿ ಸಿಗುವ ಎಚ್‌ಒ (ಅಂದರೆ 1:87 ಅಳತೆಯ) ಹಳಿಯಲ್ಲಿ ಎರಡು ಕಂಬಿಗಳ ನಡುವಿನ ಅಗಲ, ಅಂದರೆ ಗೇಜ್, 16.5 ಮಿ.ಮೀ. ಅದು ವಿದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅಂದರೆ ಮಾದರಿಯಲ್ಲಿ 19.3 ಮಿ.ಮೀ. ಬೇಕು. ಎದುರಿನಿಂದ ನೋಡಿದರೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ. ಕಪಾಟಿನಲ್ಲಿ ಅಡ್ಡಕ್ಕೆ ಇಡುವುದಾದರೆ ಅದರ ಗೊಡವೆ ಬೇಡ.