ಬೈಕ್ ಈಗಷ್ಟೇ ಕಲಿತಿದ್ದೇನೆ, ಮೊದಲ ಬೈಕಾಗಿ ಕೆಟಿಎಂ 390 ಡ್ಯೂಕ್ ತಗೊಳ್ಳಬಹುದಾ?

ಕಾನೂನೇನೂ ತಡೆಯುವುದಿಲ್ಲ. ನಮ್ಮಲ್ಲಿ ಗೇರ್ ಬೈಕಿಗೆ ಲೈಸೆನ್ಸ್ ಒಂದೇ, 100 ಸಿಸಿಗೂ ಅದೇ, 1000 ಸಿಸಿಗೂ ಅದೇ.

ಆದರೆ ನನ್ನನ್ನು ಕೇಳಿದರೆ ಈಗಲೇ ಬೇಡ. ಸ್ಪ್ಲೆಂಡರ್‌ನಲ್ಲಿ ಸುಮಾರು 8 ಎಚ್‌ಪಿ, 390ರಲ್ಲಿ 40ಕ್ಕೂ ಜಾಸ್ತಿ. ಹಂಪ್ ಮೇಲೆ ಕುಲುಕಿದಾಗ ಹೊಸಬರ ಬಲಗೈ ಗೊತ್ತಿಲ್ಲದೇ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ, ಅಷ್ಟು ತಪ್ಪಿಗೆ ಸ್ಪ್ಲೆಂಡರ್ ಸುಮ್ನೆ ಗುರ್ ಅನ್ನುತ್ತದೆ, ಡ್ಯೂಕ್ ಮುಂದಿನ ಆಟೋಗೆ ಹೋಗಿ ಗುದ್ದಿರುತ್ತದೆ. ಮರಳು ಬಿದ್ದ ತಿರುವಿನಲ್ಲಿ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿಯುವುದೂ ಹೀಗೇ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಪ್ರತಿಸಲ ಉಳಿಸುವುದಿಲ್ಲ.

ಹಳೆಯ 125 ಅಥವಾ 150 ತಗೊಂಡು ಒಂದು ವರ್ಷ ಓಡಿಸಿ, ಮಳೆಗಾಲ ಪೂರ್ತಿ ಸೇರಿಸಿ. ಸೆಕೆಂಡ್ ಹ್ಯಾಂಡ್ ಅಲ್ವಾ, ಬಿದ್ದು ಗೀಚಿದರೂ ಹೊಟ್ಟೆ ಉರಿಯುವುದಿಲ್ಲ. ಉಳಿದ ದುಡ್ಡಲ್ಲಿ ಒಳ್ಳೆ ಐಎಸ್‌ಐ ಹೆಲ್ಮೆಟ್, ಗ್ಲೌಸ್ ತಗೊಳ್ಳಿ.