ಮೊದಲ ಪಿಕ್ ಮಾರಬೇಕೇ, ಇಟ್ಟುಕೊಳ್ಳಬೇಕೇ?
ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ತಂಡವನ್ನು ಹೊಸದಾಗಿ ಕಟ್ಟುವಾಗ ಡ್ರಾಫ್ಟ್‌ನ, ಅಂದರೆ ತಂಡಗಳು ಪ್ರತಿವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಯ, ಒಂದನೇ ಪಿಕ್ (ಆಯ್ಕೆಯ ಸರದಿ) ಮಾರಬೇಕೇ ಅಂತ ಕೇಳಿದ್ದೀರಿ. ನಂಬಿಕೆಯ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡೆಸೆಯುವ ಆಟಗಾರ) ಇದ್ದರೆ ಮಾರಿ. 2023ರಲ್ಲಿ ಶಿಕಾಗೊ ಬೇರ್ಸ್ ಅದನ್ನು ಕೆರೊಲಿನಾ ಪ್ಯಾಂಥರ್ಸ್‌ಗೆ ಕೊಟ್ಟು 9 ಮತ್ತು 61ನೇ ಪಿಕ್, 2024ರ ಮೊದಲ ಸುತ್ತಿನದು, 2025ರ ಎರಡನೇ ಸುತ್ತಿನದು, ಜೊತೆಗೆ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಡಿ.ಜೆ. ಮೂರ್ ಅವರನ್ನೂ ಪಡೆಯಿತು. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಸರದಿ; ಕೆರೊಲಿನಾ ತಳ ಕಂಡಿದ್ದರಿಂದ ಆ 2024ರ ಪಿಕ್ಕೂ ಒಂದನೆಯದೇ ಆಯಿತು. ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಬೇರ್ಸ್‌ಗೆ ಬಂದದ್ದು ಹಾಗೆ. ಆದ್ದರಿಂದ ದುರ್ಬಲ ತಂಡದ ಜೊತೆ ಚೌಕಾಸಿಗೆ ಕೂತರೆ ಅವರ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೇಳದೆ ಬಿಡಲೇಬೇಡಿ.

ಪಿಕ್‌ಗಾಗಿ ಹಿರಿಯ ಆಟಗಾರರನ್ನು ಬೇರೆ ತಂಡಕ್ಕೆ ಕೊಡುವಾಗ (ಟ್ರೇಡ್) ಎಡವುವುದು ಬೋನಸ್ ಲೆಕ್ಕದಲ್ಲಿ. 5 ವರ್ಷದ ಒಪ್ಪಂದಕ್ಕೆ 2 ಕೋಟಿ ಡಾಲರ್ ಸೈನಿಂಗ್ ಬೋನಸ್ (ಸಹಿ ಹಾಕಿದ್ದಕ್ಕೆ ಕೊಡುವ ಹಣ) ಕೊಟ್ಟರೆ ಲೆಕ್ಕದಲ್ಲಿ ಅದು ವರ್ಷಕ್ಕೆ 40 ಲಕ್ಷದಂತೆ ಹಂಚಿಹೋಗುತ್ತದೆ; 2 ವರ್ಷವಾದ ಮೇಲೆ ಟ್ರೇಡ್ ಮಾಡಿದರೆ ಉಳಿದ 1.2 ಕೋಟಿ ಪೂರ್ತಿ ಆ ವರ್ಷದ ಸ್ಯಾಲರಿ ಕ್ಯಾಪ್ (ತಂಡದ ಸಂಬಳ ವೆಚ್ಚದ ಮಿತಿ) ಮೇಲೆ ಬೀಳುತ್ತದೆ. ಜೂನ್ 1ರ ನಂತರವಾದರೆ ಈ ವರ್ಷ 40 ಲಕ್ಷ, ಮಿಕ್ಕಿದ್ದು ಮುಂದಿನ ವರ್ಷಕ್ಕೆ. ಆದರೆ ಅಷ್ಟರಲ್ಲಿ ಏಪ್ರಿಲ್‌ನ ಡ್ರಾಫ್ಟ್ ಮುಗಿದಿರುತ್ತದೆ, ಆ ವರ್ಷದ ಪಿಕ್ ಸಿಗುವುದಿಲ್ಲ.