ಹಳೆಯ ಪೋರ್ಟ್ ಬಾಟಲಿಯ ತಳದಲ್ಲಿನ ಗಷ್ಟು

ತೀರ್ಥಹಳ್ಳಿಯ ನಿಮ್ಮ ಮನೆಯಲ್ಲಿರುವ, 1985ರ ದ್ರಾಕ್ಷಿಯಿಂದಷ್ಟೇ ಮಾಡಿದ ವಿಂಟೇಜ್ ಪೋರ್ಟ್‌ನ ತಳದಲ್ಲಿ ಗಷ್ಟು ಕಾಣುತ್ತಿದೆ, ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ಗಷ್ಟು ಕೆಟ್ಟಿರುವುದರ ಗುರುತಲ್ಲ. ಪೋರ್ಚುಗಲ್ಲಿನ ಡೋರೊ ಕಣಿವೆಯ ಈ ವೈನನ್ನು ಪೀಪಾಯಿಯಲ್ಲಿ ಸುಮಾರು ಎರಡು ವರ್ಷವಷ್ಟೇ ಇಟ್ಟು, ಸೋಸದೆ ಬಾಟಲಿಗೆ ತುಂಬುವುದರಿಂದ, ಅದರ ಬಣ್ಣ ಮತ್ತು ಒಗರಿನ ಅಂಶಗಳೇ ದಶಕಗಳಲ್ಲಿ ಒಂದುಗೂಡಿ ತಳಕ್ಕಿಳಿಯುತ್ತವೆ. ಮಳೆಗಾಲದಲ್ಲಿ ಲೇಬಲ್ಲಿಗೆ ಹಿಡಿದ ಬೂಷ್ಟನ್ನೂ (ನಮ್ಮ ಕಡೆ ಯಾವುದಕ್ಕೆ ತಾನೇ ಹಿಡಿಯುವುದಿಲ್ಲ!) ಲೆಕ್ಕಿಸಬೇಕಿಲ್ಲ, ಬಿರಡೆಯ ಸುತ್ತ ವೈನು ಜಿನುಗಿ ಅಂಟಾಗಿದ್ದರೆ ಮಾತ್ರ ಅನುಮಾನಪಡಬೇಕು. ಬಾಟಲಿಯನ್ನು ಒಂದೆರಡು ದಿನ ನೆಟ್ಟಗೆ ನಿಲ್ಲಿಸಿಡಿ. ಬಳಿಕ ಬಿರಡೆಯನ್ನು ನಿಧಾನವಾಗಿ ತೆಗೆದು, ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ಗಾಜಿನ ಹೂಜಿಗೆ ಒಂದೇ ಧಾರೆಯಾಗಿ ಬಗ್ಗಿಸುತ್ತ, ಗಷ್ಟು ಕತ್ತಿಗೆ ಬಂದೊಡನೆ ನಿಲ್ಲಿಸಿ. ಆಲ್ಕೋಹಾಲ್ ಶೇ. 20ರಷ್ಟಿರುವುದರಿಂದ ಸಣ್ಣ ಗ್ಲಾಸು ಸಾಕು. ಗುಟುಕರಿಸುವ ಮೊದಲು ಒಣ ಅಂಜೂರವನ್ನು ನೆನಪಿಸುವ ಅದರ ಪರಿಮಳವನ್ನು ಸಾವಕಾಶವಾಗಿ ಆಘ್ರಾಣಿಸಿ. ತೆರೆದ ಮೇಲೆ ಇದು ಮಡೇರಾ ಎಂಬ ಇನ್ನೊಂದು ಪೋರ್ಚುಗೀಸ್ ವೈನಿನಂತೆ ತಿಂಗಳುಗಟ್ಟಲೆ ಉಳಿಯದು. ಒಂದೆರಡು ದಿನಗಳಲ್ಲಿ ಮುಗಿಸುವುದು ಒಳ್ಳೆಯದು.